ಏಳು ಗೆರೆಯ ಹೆಸರು

ನಮ್ಮ ಊರಿನ ಚೌಕದ ಕಲ್ಲುಹಾಸಿನ ಮೇಲೆ ನೀರಿನಲ್ಲಿ ಏನನ್ನು ಬರೆದರೂ, ಅದು ಒಣಗುವ ಹೊತ್ತಿಗೆ ಬರೆದವರ ಮನಸ್ಸಿನಿಂದಲೂ ಹೋಗಿಬಿಡುತ್ತದೆ. ಇದು ಹೇಗೆ, ಯಾಕೆ ಎಂದು ನನ್ನನ್ನು ಕೇಳಬೇಡಿ. ಹೊರಗಿನವರು ಯಾರಾದರೂ ಕೇಳಿದರೆ ನಮ್ಮ ಅಪ್ಪ, “ನಿಮ್ಮೂರಲ್ಲಿ ಒಣಗಿದ ನೀರು ಎಲ್ಲಿಗೆ ಹೋಗುತ್ತಪ್ಪಾ?” ಎಂದು ತಿರುಗಿ ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದರು. ಆಮೇಲೆ ಒಂದು ಬಟ್ಟಲು ಚಹಾ ಕೊಟ್ಟು ಕಳಿಸುತ್ತಿದ್ದರು.

ಬೆಳಗಾದರೆ ಚೌಕ ತುಂಬುತ್ತದೆ. ಮುದುಕರು ಹಕ್ಕಿಯ ಪಂಜರಗಳನ್ನು ಮರದ ಕೊಂಬೆಗೆ ತೂಗುಹಾಕಿ, ಬಕೆಟ್ಟಿನಲ್ಲಿ ನೀರು ತಂದು, ಪೊರಕೆಯಷ್ಟು ಉದ್ದದ ಕುಂಚ ಅದ್ದಿ ಬರೆಯಲು ನಿಲ್ಲುತ್ತಾರೆ. ಸೊಸೆ ಅಂದ ಮಾತು, ಸಂತೆಯಲ್ಲಾದ ಅವಮಾನ, ತಂಗಿಯ ಮದುವೆಯಲ್ಲಿ ಯಾರೋ ಊಟಕ್ಕೆ ಕರೆಯದೆ ಹೋದದ್ದು, ಎಲ್ಲವನ್ನೂ ಬರೆದು, ಒಣಗುವವರೆಗೆ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದು, ಹಗುರಾಗಿ ಮನೆಗೆ ಹೋಗುತ್ತಾರೆ. ಮೋಡ ಮುಸುಕಿದ ವಾರದಲ್ಲಿ ಊರಿನಲ್ಲಿ ಜಗಳ ಹೆಚ್ಚು. ಮಳೆಗಾಲದಲ್ಲಿ ನಾವು ಮದುವೆಯ ಮಾತುಕತೆ ಇಟ್ಟುಕೊಳ್ಳುವುದೇ ಇಲ್ಲ. ಗೌ ತಾತ ಎಂಬ ಒಬ್ಬರಿದ್ದಾರೆ, ಕಪ್ಪು ಬಿಳಿ ಕಾಯಿಗಳ ಆಟದ ಹುಚ್ಚು ಅವರಿಗೆ. ಸೋತ ದಿನವೆಲ್ಲ ಸೋಲನ್ನು ಬರೆದು ಒಣಗಿಸಿಬಿಡುತ್ತಾರೆ. ಹಾಗಾಗಿ ನಲವತ್ತು ವರ್ಷಗಳಿಂದ ಎದುರಾಳಿಯ ಒಂದೇ ಉಪಾಯಕ್ಕೆ ಸಿಕ್ಕಿಬೀಳುತ್ತಿದ್ದಾರೆ. “ನಾನು ಇವತ್ತಿನವರೆಗೆ ಸೋತೋನೇ ಅಲ್ಲ” ಎಂದು ಎದೆಯುಬ್ಬಿಸಿ ಹೇಳುತ್ತಾರೆ. ಯಾರೂ ತಿದ್ದುವುದಿಲ್ಲ. ಒಬ್ಬರು ಒಣಗಿಸಿಕೊಂಡದ್ದನ್ನು ಇನ್ನೊಬ್ಬರು ನೆನಪಿಸಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಇನ್ನೊಬ್ಬರ ಬರಹದ ಮೇಲೆ ನೆರಳು ಬೀಳಿಸಬಾರದು ಎಂಬುದೂ ಅಷ್ಟೇ. ನೆರಳು ಬಿದ್ದರೆ ಒಣಗುವುದು ತಡವಾಗುತ್ತದಲ್ಲ. ಸಣ್ಣ ಮಕ್ಕಳೂ ಚೌಕದಲ್ಲಿ ಸೂರ್ಯನನ್ನು ನೋಡಿಕೊಂಡೇ ಹೆಜ್ಜೆ ಇಡುತ್ತವೆ.

ನಾನು ಅಕ್ಷರ ಬಾರದವರ ಕೈ ಹಿಡಿದು ಬರೆಸುವವಳು. ಅಪ್ಪನಿಂದ ಬಂದ ಕೆಲಸ. ಅವರ ಕೈ ಕುಂಚದ ಮೇಲೆ, ನನ್ನ ಕೈ ಅವರ ಕೈಯ ಮೇಲೆ. ಒಣಗುವಾಗ ಎರಡು ಕೈಗಳವರೂ ಮರೆಯುತ್ತಾರೆ. ಅದಕ್ಕೇ ನನ್ನ ಹೊಟ್ಟೆಯಲ್ಲಿ ಈ ಊರಿನ ಯಾರ ಗುಟ್ಟೂ ಇಲ್ಲ, ಎಲ್ಲರಿಗೂ ನಾನೆಂದರೆ ನಂಬಿಕೆ. ದಿನಾ ಬೆಳಗ್ಗೆ ಯಾರದೋ ದುಃಖಕ್ಕೆ ಕೈ ಕೊಟ್ಟು, ಮಧ್ಯಾಹ್ನಕ್ಕೆ ಅದು ಯಾರದೆಂದೂ ತಿಳಿಯದೆ ಮನೆಗೆ ಹೋಗಿ ಅಕ್ಕಿ ತೊಳೆಯುತ್ತೇನೆ. ಬೆಳಗಿನ ಹೊತ್ತುಗಳಲ್ಲಿ ಎಷ್ಟು ನನ್ನ ಪಾಲಿಗೆ ಖಾಲಿಯಾಗಿವೆ ಎಂದು ಲೆಕ್ಕ ಹಾಕಲು ಹೋದವಳಲ್ಲ. ಹಾಗೆ ಹಾಕಿದ್ದರೆ ಈ ಕೆಲಸ ಎಂದೋ ಬಿಟ್ಟಿರುತ್ತಿದ್ದೆ.

ನನ್ನ ಗಂಡ ಶಾನ್‌ಮು ಹೊಳೆಯಲ್ಲಿ ದೋಣಿ ನಡೆಸುತ್ತಿದ್ದ. ಮದುವೆಯಾದ ಮೂರನೆಯ ವರ್ಷ, ಹೊಳೆ ತುಂಬಿ ಹರಿಯುತ್ತಿದ್ದಾಗ, ಆಚೆ ದಡದಲ್ಲಿ ಉಳಿದಿದ್ದ ಇಬ್ಬರನ್ನು ತರುತ್ತೇನೆಂದು ಹೋದ. ಅವರಿಬ್ಬರು ಬಂದರು. ಅವನು ಬರಲಿಲ್ಲ. ಮೈಲಿ ದೂರದ ತಿರುವಿನಲ್ಲಿ ದೋಣಿ ಸಿಕ್ಕಿತು, ಎರಡು ದಿನ ಬಿಟ್ಟು ಅವನೂ ಸಿಕ್ಕಿದ. ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ಅತ್ತೆ.

ಅತ್ತೆ ಕೆಂಪು ಕಾಗದ ಕತ್ತರಿಸುವುದರಲ್ಲಿ ಹೆಸರಾದವರು. ಹೊಸ ವರ್ಷ ಬಂತೆಂದರೆ ಊರಿನ ಅರ್ಧ ಕಿಟಕಿಗಳ ಮೇಲೆ ಅವರ ಕತ್ತರಿಯ ಹೂವು, ಮೀನು, ಕೋಳಿಗಳೇ. ಕಾಗದ ಮಡಚಿ, ಮಾತಾಡುತ್ತಲೇ ಕತ್ತರಿಸಿ, ಬಿಡಿಸಿ ತೋರಿಸುತ್ತಿದ್ದರು. ಗುರುತು ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಸಾವಿನ ಮನೆಯಲ್ಲಿ ಕೆಂಪು ಕಾಗದಕ್ಕೆ ಕತ್ತರಿ ಹಾಕಬಾರದು. ಶಾನ್‌ಮು ಹೋದ ದಿನವೇ ಅವರು ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟರು.

ಅಲ್ಲಿಗೆ ಮುಗಿಯಲಿಲ್ಲ. ಪ್ರತಿದಿನ ಮಧ್ಯಾಹ್ನ ದೋಣಿಯ ಗಂಟೆ ಬಾರಿಸಿದೊಡನೆ, ಒಲೆಯ ಮೇಲೆ ಏನಿದ್ದರೂ ಬಿಟ್ಟು, ಅವನ ಹತ್ತಿಯ ಅಂಗಿ ಎತ್ತಿಕೊಂಡು ಹೊಳೆಗೆ ಓಡುತ್ತಿದ್ದರು. ಅವನಿಗೆ ಚಳಿಯಾಗುತ್ತಿದೆ ಎನ್ನುತ್ತಿದ್ದರು. ಮಗ ಸತ್ತಿದ್ದಾನೆಂದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು, ತಲೆ ಕೆಟ್ಟಿರಲಿಲ್ಲ. ಗೊತ್ತಿದ್ದೂ ನಿಲ್ಲಲಾಗುತ್ತಿರಲಿಲ್ಲ. ದಡದಲ್ಲಿ ನಿಂತವರು ನಿಧಾನಕ್ಕೆ ನೀರಿಗಿಳಿಯುತ್ತಿದ್ದರು, ಮೊಣಕಾಲಿನವರೆಗೆ, ಸೊಂಟದವರೆಗೆ. ಎರಡು ಸಲ ಹೊಸ ದೋಣಿಯವನು ಎಳೆದು ತಂದ. ಎರಡನೆಯ ಸಲ ಅವನು ನನ್ನ ಮುಂದೆ ಕಣ್ಣೀರು ಹಾಕಿದ. “ಅಕ್ಕಾ, ನಾನು ಆಚೆ ದಡದಲ್ಲಿದ್ದಾಗ ಹೀಗಾದ್ರೆ ಏನು ಮಾಡ್ಲಿ?” ಎಂದ.

ಆ ಸಂಜೆ ಅತ್ತೆ ಒದ್ದೆ ಕೂದಲು ಒರೆಸಿಕೊಳ್ಳುತ್ತಾ ಹೇಳಿದರು: “ವಾನ್‌ಶೂ, ನಾಳೆ ನನ್ನ ಕೈ ಹಿಡಿದು ಬರೆಸಿಬಿಡು. ಅವನ ಹೆಸರು.”

ಹೆಸರು ಬರೆದರೆ ಒಂದು ಮಾತು, ಒಂದು ದಿನ ಹೋಗುವುದಲ್ಲ, ಮನುಷ್ಯನೇ ಪೂರ್ತಿ ಹೋಗುತ್ತಾನೆ. ಕೈ ಕೊಟ್ಟರೆ ನನ್ನಿಂದಲೂ ಹೋಗುತ್ತಾನೆ.

“ಅದೊಂದು ನನ್ನಿಂದ ಆಗಲ್ಲ ಅತ್ತೆ” ಎಂದೆ.

“ನಿನಗೆ ಅವನು ಮೂರು ವರ್ಷದವನು. ನನಗೆ ಮೂವತ್ತು ವರ್ಷದವನು ಕಣೇ. ನಿನಗೇ ಇಷ್ಟು ಭಾರ ಅಂದ್ರೆ ನನ್ನ ಗತಿ ನೋಡು.”

“ಏನಾದ್ರೂ ಹೇಳಿ ಮಾಡ್ತೀನಿ. ಅದನ್ನ ಮಾತ್ರ ಕೇಳಬೇಡಿ.”

ಅತ್ತೆ ಮತ್ತೆ ಕೇಳಲಿಲ್ಲ. ಮರುದಿನ ಗೌ ತಾತನ ಹತ್ತಿರ ಹೋದರು. ತಾತ ಅಕ್ಷರ ಬಲ್ಲವರು. ವಿಷಯ ಕೇಳಿ, ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು, “ನನ್ನ ಮಗಳ ಹೆರಿಗೆಗೆ ಪ್ರವಾಹದಲ್ಲಿ ಸೂಲಗಿತ್ತೀನ ದಾಟಿಸಿ ತಂದವನು ಅವನು. ಅವನನ್ನ ಮರೆತು ಮೊಮ್ಮಗನ ಮುಖ ಹೇಗಮ್ಮಾ ನೋಡ್ಲಿ?” ಎಂದರಂತೆ. ಅಕ್ಷರ ಬಲ್ಲ ಉಳಿದವರೂ ಹೀಗೇ ಏನೋ ಒಂದು ಹೇಳಿದರು. ನನ್ನ ಗಂಡ ಎಲ್ಲರನ್ನೂ ಒಂದಲ್ಲ ಒಂದು ದಿನ ದಾಟಿಸಿದ್ದ. ಅವನನ್ನು ಕಳೆದುಕೊಳ್ಳಲು ಊರಿನಲ್ಲಿ ಯಾರೂ ತಯಾರಿರಲಿಲ್ಲ. ನನಗೆ ಒಳಗೊಳಗೇ ಹೆಮ್ಮೆಯಾಯಿತು, ಆ ಹೆಮ್ಮೆಗೆ ನಾಚಿಕೆಯೂ ಆಯಿತು, ಯಾಕೆಂದರೆ ಆ ಮಧ್ಯಾಹ್ನ ಅತ್ತೆ ಮತ್ತೆ ನೀರಿಗಿಳಿದಿದ್ದರು.

ಆಗ ನನಗೊಂದು ಉಪಾಯ ಹೊಳೆಯಿತು. ಉಪಾಯವೆಂದೇ ಹೇಳುತ್ತೇನೆ, ಒಳ್ಳೆಯತನವೆಂದು ಹೇಳಿ ನಿಮ್ಮನ್ನು ನಂಬಿಸುವುದಿಲ್ಲ. “ಅತ್ತೆ, ನಿಮಗೇ ಬರೆಯೋದು ಕಲಿಸ್ತೀನಿ. ನಿಮ್ಮ ಕೈಯಲ್ಲಿ ನೀವೇ ಬರ್ಕೊಳ್ಳಿ” ಎಂದೆ. ಚಳಿಗಾಲ ಶುರುವಾಗಿತ್ತು, ಕಲ್ಲಿನ ಮೇಲೆ ನೀರು ಹೆಪ್ಪುಗಟ್ಟುವ ಕಾಲ, ಒಣಗುವುದಿಲ್ಲ. ನಾಲ್ಕು ತಿಂಗಳು ನನ್ನ ಕೈಯಲ್ಲಿತ್ತು. ಒಂದು ಹೆಸರನ್ನು ಸಾವಿರ ಸಲ ಬರೆದವರು ಅದನ್ನು ಬಿಟ್ಟುಕೊಡಲಾರರು ಎಂದು ನಾನು ಎಣಿಸಿದ್ದೆ. ಬರೆದದ್ದೆಲ್ಲ ಒಣಗಿಹೋಗುವುದನ್ನು ದಿನಾ ನೋಡುವವಳಿಗೆ ಇಂಥ ಆಸೆ ಹೇಗೆ ಬಂತೋ, ಈಗ ಯೋಚಿಸಿದರೆ ನಗು ಬರುತ್ತದೆ.

ಒಲೆಯ ಬೂದಿಯನ್ನು ತಟ್ಟೆಯಲ್ಲಿ ಹರಡಿ, ಊಟದ ಕಡ್ಡಿಯಿಂದ ಶುರುಮಾಡಿದೆವು. ನಮ್ಮ ಬರಹದಲ್ಲಿ ಒಂದೊಂದು ಅಕ್ಷರವೂ ಒಂದೊಂದು ಮಾತು; ಶಾನ್‌ಮು ಎಂಬುದಕ್ಕೆ ಎರಡು ಅಕ್ಷರ, ಒಟ್ಟು ಏಳು ಗೆರೆ. ಮೊದಲನೆಯದು ಬೆಟ್ಟ, ಮೂರು ಶಿಖರವಿದ್ದ ಹಾಗೆ ಮೂರು ಗೆರೆ. ಎರಡನೆಯದು ಮರ, ಒಂದು ಅಡ್ಡಗೆರೆ, ಒಂದು ಕಾಂಡ, ಎಡಕ್ಕೊಂದು ಬಲಕ್ಕೊಂದು ಇಳಿಯುವ ಕೊಂಬೆ. ಅತ್ತೆ ಅದನ್ನು ಅಕ್ಷರವೆಂದು ನೋಡಲೇ ಇಲ್ಲ, ಕಾಗದದ ನಮೂನೆಯೆಂದು ನೋಡಿದರು. “ಎರಡೂ ಮಡಚಿದ್ರೆ ಅರ್ಧಕ್ಕೆ ಅರ್ಧ ಕೂಡುತ್ತೆ. ಕತ್ತರಿಸೋಕೆ ಸಲೀಸು” ಎಂದರು. ಮರುಕ್ಷಣ ಕತ್ತರಿ ಅಟ್ಟದ ಮೇಲಿರುವುದು ನೆನಪಾಗಿ ಬೂದಿಯನ್ನು ಸವರಿ ಮಟ್ಟ ಮಾಡಿದರು.

ಬೂದಿ ಮುಗಿದ ಮೇಲೆ ಕಾಗದ, ಮಸಿ. ಮಸಿಯ ಕಡ್ಡಿಯನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯುವುದನ್ನು ಅವರು ಯಾರಿಗೂ ಬಿಡುತ್ತಿರಲಿಲ್ಲ. ಕುಂಚ ಹಿಡಿದಾಗ ಅಂಗೈಯೊಳಗೆ ಒಂದು ಮೊಟ್ಟೆ ಇದೆ ಎಂದುಕೊಳ್ಳಬೇಕು ಎಂದು ಅಪ್ಪ ನನಗೆ ಹೇಳಿಕೊಟ್ಟಿದ್ದರು, ಅದನ್ನೇ ಹೇಳಿದೆ. ಅತ್ತೆ ಅಡುಗೆಮನೆಗೆ ಹೋಗಿ ನಿಜವಾದ ಮೊಟ್ಟೆಯನ್ನೇ ತಂದು ಹಿಡಿದುಕೊಂಡು ಬರೆದರು. ಹತ್ತು ದಿನ ಒಡೆಯಲಿಲ್ಲ. ಹನ್ನೊಂದನೆಯ ದಿನ ಸಾರಿಗೆ ಹಾಕಿದರು.

ಬರೆಯುತ್ತಾ ಬರೆಯುತ್ತಾ ಮಾತು ಬಂತು. ಅವನು ಹುಟ್ಟಿದಾಗ ಅಳದೆ ಸೀನಿದ್ದು. ಐದು ವರ್ಷದವನಿದ್ದಾಗ ಗಾಳಿಪಟದ ಜೊತೆ ಓಡಿ ಓಡಿ ಪಕ್ಕದ ಊರು ಸೇರಿದ್ದು, ಅಲ್ಲಿಯವರು ಹೊಟ್ಟೆ ತುಂಬ ಉಣಿಸಿ ಕಳಿಸಿದ್ದು. ಹಾಡುವ ಮಿಡತೆಯನ್ನು ಸೋರೆಬುರುಡೆಯಲ್ಲಿಟ್ಟು, ಚಳಿಗೆ ಸತ್ತುಹೋದೀತೆಂದು ಅಂಗಿಯೊಳಗೆ ಎದೆಗೆ ಕಟ್ಟಿಕೊಂಡು ಮಲಗುತ್ತಿದ್ದದ್ದು. ಹದಿನೇಳಕ್ಕೆ ಒಂದು ಹುಡುಗಿ ಚೌಕದಲ್ಲಿ ಜನರ ಕೈ ಹಿಡಿದು ಬರೆಸುವುದನ್ನು ನೋಡಿ, ತನಗೆ ಚೆನ್ನಾಗಿ ಅಕ್ಷರ ಬರುತ್ತಿದ್ದರೂ ಬಾರದವನ ಹಾಗೆ ಸಾಲಿನಲ್ಲಿ ಹೋಗಿ ನಿಂತದ್ದು. ಆ ಹುಡುಗಿ ನಾನು. ಅವನು ಅಂದು ಏನು ಬರೆಸಿದನೋ ನನಗೆ ಗೊತ್ತಿಲ್ಲ, ಒಣಗಿಹೋಗಿದೆ. “ಹಲ್ಲುನೋವು ಅಂತ ಬರೆಸಿದ್ನಂತೆ, ಸಾಲಲ್ಲಿ ಹಿಂದೆ ನಿಂತಿದ್ದವರು ಓದಿ ನನಗೆ ಹೇಳಿದ್ರು. ಕೈ ಬಿಡಿಸ್ಕೊಂಡು ಬಂದ್ಮೇಲೆ ಹಲ್ಲು ನೋಯ್ತಾನೇ ಇತ್ತಂತೆ, ನೋವಿದೆ ಅನ್ನೋದು ಮಾತ್ರ ಮರೆತಿತ್ತಂತೆ” ಎಂದು ಅತ್ತೆ ನಕ್ಕರು. ಅವನು ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಹೊಳೆಗೆ ಹೋಗುವುದು ನಿಲ್ಲಲಿಲ್ಲ, ಆದರೆ ನೀರಿಗಿಳಿಯುತ್ತಿರಲಿಲ್ಲ. ದಡದಲ್ಲಿ ನಿಂತು ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದು ವಾಪಸು ಬರುತ್ತಿದ್ದರು. ನಾನು ಗೆದ್ದೆ ಎಂದುಕೊಂಡೆ. ಬೇರೆ ಅಕ್ಷರಗಳನ್ನೂ ಕೇಳತೊಡಗಿದರು. ಮನೆ ಹೇಗೆ ಬರೆಯೋದು? ಹೋಗು ಅನ್ನೋದು? ಮಗಳು? “ನಿನ್ನ ಹೆಸರು ಬರೆಯೋದು ಹೇಗೇ? ಅದ್ಯಾಕೆ ಇಷ್ಟೊಂದು ಗೆರೆ ನಿನ್ನ ಹೆಸರಿಗೆ, ನಿಮ್ಮಪ್ಪನಿಗೆ ಮಸಿ ಹೆಚ್ಚಾಗಿತ್ತಾ?” ಎಂದು ರೇಗಿಸಿದರು. ನಾನು ಖುಷಿಯಲ್ಲಿ ಎಲ್ಲವನ್ನೂ ಕಲಿಸಿದೆ. ಕಲಿಯುವ ಆಸೆ ಬಂದವರಿಗೆ ಬದುಕುವ ಆಸೆಯೂ ಬಂದಿದೆ ಎಂದೇ ತಿಳಿದೆ. ಅದರಲ್ಲಿ ನಾನು ತಪ್ಪಿರಲಿಲ್ಲ. ತಪ್ಪಿದ್ದು ಇನ್ನೊಂದರಲ್ಲಿ.

ವಸಂತದ ಮೊದಲ ಬಿಸಿಲಿನ ದಿನ ನಾನು ಎದ್ದು ನೋಡಿದರೆ ಗೋಡೆಯ ಮೊಳೆಯಲ್ಲಿ ಕುಂಚವಿರಲಿಲ್ಲ. ಬಾಗಿಲ ಬಳಿ ಬಕೆಟ್ಟೂ ಇರಲಿಲ್ಲ. ಚಪ್ಪಲಿ ಹಾಕದೆ ಓಡಿದೆ.

ಚೌಕದ ನಡುವೆ ಅತ್ತೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಮುಂದೆ ಕಲ್ಲಿನ ಮೇಲೆ ಹೆಸರು ಇತ್ತು, ಎರಡು ಮೊಳ ಎತ್ತರದ ಅಕ್ಷರಗಳು. ಜನ ದೂರ ಸರಿದು ನಿಂತಿದ್ದರು. ಗೌ ತಾತ ಒಂದು ಬಿಳಿ ಕಾಯಿಯನ್ನು ಎತ್ತಿಹಿಡಿದವರು ಹಾಗೇ ಇದ್ದರು. ನನ್ನ ಕಣ್ಣು ಕೆಲಸದವಳ ಕಣ್ಣು, ಎದೆ ಒಡೆಯುತ್ತಿದ್ದಾಗಲೂ ಅದು ಗೆರೆಗಳನ್ನೇ ನೋಡಿತು. ಕೊನೆಯ ಗೆರೆ, ಬಲಕ್ಕೆ ಇಳಿದ ಕೊಂಬೆ, ನಾನು ಎಂದೂ ಎಳೆಯದಷ್ಟು ಚೆನ್ನಾಗಿತ್ತು. ಬೆಟ್ಟದ ಅಂಚು ಆಗಲೇ ಒಣಗಲು ಶುರುವಾಗಿತ್ತು.

ನನ್ನ ಕಾಲ ಬಳಿಯೇ ಬಕೆಟ್ಟು ಇತ್ತು, ಅರ್ಧ ನೀರು. ಒದ್ದರೆ ಸಾಕು, ಎಲ್ಲ ಕಲಸಿಹೋಗುತ್ತಿತ್ತು. ನಾನು ಒದೆಯಲಿಲ್ಲ. ಆದರೆ ಸರಿದು ಹೋಗಿ ಸೂರ್ಯನಿಗೆ ಅಡ್ಡ ನಿಂತೆ. ನನ್ನ ನೆರಳು ಮರ ಎಂಬ ಅಕ್ಷರದ ಮೇಲೆ ಪೂರ್ತಿ ಬಿತ್ತು. ಯಾರೋ ಹಿಂದಿನಿಂದ “ಅಯ್ಯೋ” ಎಂದದ್ದು ಕೇಳಿಸಿತು. ಚೌಕದಲ್ಲಿ ಹುಟ್ಟಿ ಬೆಳೆದವಳು ಮಾಡಬಾರದ ಕೆಲಸ ಅದು, ನನಗೇ ಗೊತ್ತಿತ್ತು.

ಅತ್ತೆ ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಸುಸ್ತಾದ ಮುಖ.

“ವಾನ್‌ಶೂ. ನೆರಳು ಬೀಳ್ತಿದೆ.”

“ಬೀಳಲಿ ಅತ್ತೆ.”

“ಹೇಳೋದೆಲ್ಲಾ ನಿನಗೆ ಹೇಳಿ ಮುಗಿಸಿದ್ದೀನಲ್ಲೇ. ಹುಟ್ಟಿದ್ದು, ಗಾಳಿಪಟ, ಮಿಡತೆ, ಹಲ್ಲುನೋವು. ಏನೂ ಉಳಿಸ್ಕೊಂಡಿಲ್ಲ. ಯಾಕೆ ಹೇಳ್ದೆ ಅಂದ್ಕೊಂಡೆ? ಇನ್ನು ಅವನು ನಿನ್ನ ಹತ್ರ ಇರ್ಲಿ. ನನ್ನ ಕೈಲಿ ಹೊರೋಕಾಗ್ತಿಲ್ಲ.”

“ನಿಮಗೆ ನಾನು ಯಾರು ಅಂತಲೂ ಗೊತ್ತಾಗಲ್ಲ. ಅವರಿಲ್ಲದೆ ನಾನು ನಿಮಗೆ ಯಾರು?”

ಅತ್ತೆ ಹೊಳೆಯ ಕಡೆ ತಿರುಗಿದರು. “ಇವತ್ತು ಮಧ್ಯಾಹ್ನ ಗಂಟೆ ಬಾರಿಸುತ್ತೆ” ಎಂದರು. “ಇವತ್ತು ನಾನು ವಾಪಸ್ ಬರ್ತೀನಿ ಅಂತ ನನಗೆ ಅನ್ನಿಸ್ತಿಲ್ಲ ಕಣೇ. ಪಕ್ಕಕ್ಕೆ ಸರಿ.”

ಎಷ್ಟು ಹೊತ್ತು ನಿಂತಿದ್ದೆನೋ. ಬೆಟ್ಟ ಒಣಗಿತು. ಮರ ನನ್ನ ನೆರಳಿನೊಳಗೆ ಒದ್ದೆಯಾಗಿ ಹೊಳೆಯುತ್ತಿತ್ತು. ಅತ್ತೆ ಕಾದರು. ಅವರ ಬೆರಳುಗಳು ಕುಂಚವನ್ನು ಬಿಗಿದು ಹಿಡಿದಿದ್ದವು, ಹೊಳೆಯಿಂದ ಎಳೆದು ತಂದ ದಿನ ಅವನ ಅಂಗಿಯನ್ನು ಹಿಡಿದಿದ್ದ ಹಾಗೆ. ಆ ಬೆರಳುಗಳನ್ನು ನೋಡಿ ನಾನು ಒಂದು ಹೆಜ್ಜೆ ಪಕ್ಕಕ್ಕಿಟ್ಟೆ. ಇನ್ನೊಂದು ಹೆಜ್ಜೆ ಇಟ್ಟೆ. ಬಿಸಿಲು ಬಂದು ಮರದ ಮೇಲೆ ಬಿತ್ತು. ಕಾಂಡ ಹೋಯಿತು, ಕೊಂಬೆಗಳು ಹೋದವು, ಎಲ್ಲಕ್ಕಿಂತ ಕೊನೆಗೆ ಆ ಚೆಂದದ ಬಲಗೊಂಬೆಯ ತುದಿ ಹೋಯಿತು.

ಅತ್ತೆ ಸ್ವಲ್ಪ ಹೊತ್ತು ಬರಿಗಲ್ಲನ್ನು ನೋಡುತ್ತಿದ್ದರು. ಆಮೇಲೆ ಕುಂಚವನ್ನು ನೋಡಿದರು, ಬಕೆಟ್ಟನ್ನು ನೋಡಿದರು, ನನ್ನನ್ನು ನೋಡಿದರು. ಚೌಕದಲ್ಲಿ ಬರೆಸಿಕೊಂಡವರ ಆ ನೋಟ ನನಗೆ ಅಭ್ಯಾಸ. ಆದರೆ ಯಾರೂ ನನ್ನನ್ನು ಅಷ್ಟು ಅಪರಿಚಿತಳಂತೆ ನೋಡಿರಲಿಲ್ಲ.

“ಯಾಕಮ್ಮಾ ಅಳ್ತಿದ್ದೀಯ?” ಎಂದರು. “ಯಾರ ಮನೆಯವಳು ನೀನು?”

ಏನು ಹೇಳಿದರೂ ಅವನ ಹೆಸರಿಗೇ ಹೋಗಿ ಮುಟ್ಟುತ್ತಿತ್ತು, ಹೇಳುವಂತಿರಲಿಲ್ಲ. ಅತ್ತೆ ಕಣ್ಣೊರೆಸಿಕೊಳ್ಳಲು ನನಗೆ ಕೊಡೋಣವೆಂದು ಅಂಗಿಯ ತೋಳಿನೊಳಗೆ ವಸ್ತ್ರ ಹುಡುಕಿದರು. ವಸ್ತ್ರದ ಜೊತೆ ಮಡಚಿದ ಕಾಗದವೊಂದು ಬಂತು. ಬಿಡಿಸಿದರು. ಮಸಿಯಲ್ಲಿ ಬರೆದಿತ್ತು, ಅವರದೇ ಕೈ. ಬೆರಳಿಟ್ಟು, ಒಂದೊಂದೇ ಅಕ್ಷರವನ್ನು ಬಾಯಿಬಿಟ್ಟು ಓದಿದರು.

“ವಾನ್‌ಶೂ ನನ್ನ ಮಗಳು. ಅವಳ ಜೊತೆ ಮನೆಗೆ ಹೋಗು.”

ಎರಡು ಸಲ ಓದಿದರು. “ಇದು ನಾನೇ ಬರೆದದ್ದು” ಎಂದರು, ತಮಗೆ ತಾವೇ ಸಾಕ್ಷಿ ಹೇಳಿಕೊಳ್ಳುವವರಂತೆ. “ವಾನ್‌ಶೂ ಅಂದ್ರೆ ನೀನಾ?”

“ಹೌದು.”

“ಹಾಗಾದ್ರೆ ನಡಿ. ಬರಿಗಾಲಲ್ಲಿ ಬಂದಿದ್ದೀಯಲ್ಲೇ, ಕಲ್ಲು ತಣ್ಣಗಿದೆ” ಎಂದು ನನ್ನ ಕೈ ಹಿಡಿದುಕೊಂಡರು.

ಮಧ್ಯಾಹ್ನ ಗಂಟೆ ಬಾರಿಸಿತು. ಅವರು ಸೊಪ್ಪು ಬಿಡಿಸುತ್ತಿದ್ದರು. ತಲೆಯೆತ್ತಿ, “ದೋಣಿ ಬಂತು ಅಂತ ಕಾಣುತ್ತೆ” ಎಂದು ಮತ್ತೆ ಸೊಪ್ಪಿಗೆ ಕೈ ಹಾಕಿದರು. ನಾನು ಒಳಕೋಣೆಗೆ ಹೋಗಿ ಹತ್ತಿಯ ಅಂಗಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಅದರ ಮೇಲೆ ಕೂತು ಮನಸಾರೆ ಅತ್ತುಬಿಟ್ಟೆ. ಆ ದಿನದಿಂದ ನಾನು ಅವರನ್ನು ಅಮ್ಮ ಎಂದು ಕರೆಯುತ್ತೇನೆ. ಮಿಡತೆಯ ಕಥೆ, ಗಾಳಿಪಟದ ಕಥೆ ನನ್ನೊಬ್ಬಳ ಪಾಲಿಗಿವೆ. ಕೆಲವು ದಿನ ಹೊರಲಾಗುವುದಿಲ್ಲ, ನಿಜವೇ. ಅಂಥ ದಿನ ನಾನು ಚೌಕಕ್ಕೆ ಹೋಗದೆ ಮನೆಯಲ್ಲಿರುತ್ತೇನೆ, ಕೈ ಎಲ್ಲಿ ಸೋಲುತ್ತದೋ ಎಂಬ ಭಯಕ್ಕೆ.

ಆ ವರ್ಷದ ಕೊನೆಗೆ, ಹೊಸ ವರ್ಷಕ್ಕೆ ಮೂರು ದಿನವಿದ್ದಾಗ, ಅಮ್ಮ ಅಟ್ಟದ ಮೇಲಿಂದ ಕತ್ತರಿ ಇಳಿಸಿದರು. “ಇದನ್ಯಾಕೆ ಬಟ್ಟೇಲಿ ಸುತ್ತಿಟ್ಟಿದ್ದೀವಿ? ತುಕ್ಕು ಹಿಡಿಯಲ್ವಾ?” ಎಂದು ಬೈದುಕೊಂಡು, ಕಿಟಕಿಯ ಬಳಿ ಕೂತು ಕೆಂಪು ಕಾಗದ ಮಡಚಿದರು. ಒಂದು ಮೀನು, ಒಂದು ಕೋಳಿ, ಎರಡು ಹೂವು. ಬಾಯಿ ತುಂಬ ಮಾತು, ಗುರುತು ಹಾಕಿಕೊಳ್ಳದೆ ಓಡುವ ಕತ್ತರಿ. ನಾನು ಹಿಟ್ಟು ಕಲಸುತ್ತಿದ್ದೆ. ಮಾತು ನಿಂತದ್ದರಿಂದ ತಿರುಗಿ ನೋಡಿದೆ.

ಅವರ ತೊಡೆಯ ಮೇಲೆ ಬಿಡಿಸಿದ ಎರಡು ಕಾಗದಗಳಿದ್ದವು. ಒಂದರಲ್ಲಿ ಮೂರು ಶಿಖರದ ಬೆಟ್ಟ. ಇನ್ನೊಂದರಲ್ಲಿ ಮರ. ಬಲಕ್ಕೆ ಇಳಿದ ಕೊಂಬೆ ಆ ದಿನ ಕಲ್ಲಿನ ಮೇಲಿದ್ದ ಹಾಗೆಯೇ ಇತ್ತು.

“ಇದೇನೇ ಇದು? ಕೋಳಿ ಅಂತ ಮಡಚಿದ್ದೆ, ಕೈ ತಾನಾಗಿ ಇದನ್ನ ಕತ್ತರಿಸ್ತು” ಎಂದರು. “ಇದು ಯಾರದಾದ್ರೂ ಹೆಸರಾ?”

ಒಣಗಿಸಿಕೊಂಡದ್ದನ್ನು ನೆನಪಿಸಬಾರದು. ನಾನು ಕೈಯ ಹಿಟ್ಟು ಒರೆಸಿಕೊಂಡೆ.

“ನನ್ನ ಗಂಡನ ಹೆಸರು ಅಮ್ಮ.”

“ನಿನಗೆ ಮದುವೆ ಆಗಿತ್ತಾ?”

“ಆಗಿತ್ತು. ತೀರಿಕೊಂಡ್ರು.”

ಅವರು ಕತ್ತರಿ ಕೆಳಗಿಟ್ಟು, “ಪಾಪ, ನನಗೆ ಹೇಳ್ಲೇ ಇಲ್ಲವಲ್ಲೇ. ಒಬ್ಬಳೇ ಇಟ್ಕೊಂಡಿದ್ದೀಯ” ಎಂದರು. ಆಮೇಲೆ ಕಾಗದವನ್ನು ಬೆಳಕಿಗೆ ಹಿಡಿದರು. “ಹೆಸರು ಚೆನ್ನಾಗಿದೆ. ಯಾರಿಟ್ರು?”

“ಅವರಮ್ಮ.”

“ಬದುಕಿದ್ದಾರಾ ಆಯಮ್ಮ?”

“ಇದ್ದಾರೆ.”

“ಹೋಗಿ ನೋಡ್ಕೊಂಡು ಬರ್ತಿರು ಮಗಳೇ. ಮಗನ್ನ ಕಳ್ಕೊಂಡ ಜೀವ” ಎಂದು ಅಂಟು ತೆಗೆದುಕೊಂಡು ಎದ್ದರು. ಎರಡು ಕಾಗದಗಳನ್ನೂ ಕಿಟಕಿಗೆ ಒತ್ತಿ ಹಿಡಿದು, ಹೊರಗೆ ಹೋಗಿ ನೆಟ್ಟಗಿದೆಯಾ ನೋಡು ಎಂದು ನನ್ನನ್ನು ಕಳಿಸಿದರು.

ನಾನು ಬೀದಿಗೆ ಹೋಗಿ ನಿಂತೆ. ಬಿಸಿಲಿಗೆ ಹೆಸರು ಕೆಂಪಗೆ ಹೊಳೆಯುತ್ತಿತ್ತು, ಅದರ ಹಿಂದೆ ಅವರ ಮುಖವಿತ್ತು. ನನ್ನ ನೆರಳು ಅದರ ಮೇಲೆ ಬೀಳದ ಹಾಗೆ ಸ್ವಲ್ಪ ಪಕ್ಕಕ್ಕೆ ಸರಿದು, ನೆಟ್ಟಗಿದೆ ಅಮ್ಮ ಎಂದೆ.